ಕಂಪ್ಯೂಟರ್ ಬಿಚ್ಚುವ ಮೊದಲು: ಕೈಗೂ ಬೋರ್ಡಿಗೂ ಏಟಾಗದ ಹಾಗೆ ರಿಪೇರಿ

ಕಂಪ್ಯೂಟರ್ ಶಟ್‌ಡೌನ್ ಮಾಡಿದ್ದೀರಿ. ಸ್ಕ್ರೀನ್ ಕಪ್ಪಾಗಿದೆ, ಫ್ಯಾನ್ ಸದ್ದು ನಿಂತಿದೆ. ಈಗ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳ (ಎಲ್ಲ ಬಿಡಿಭಾಗ ಕೂರುವ ದೊಡ್ಡ ಬೋರ್ಡ್) ಮೂಲೆಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ದೀಪ ಇನ್ನೂ ಉರಿಯುತ್ತಿರುತ್ತದೆ. ಅಂದರೆ ಬೋರ್ಡಿನೊಳಗೆ ಕರೆಂಟ್ ಇನ್ನೂ ಇದೆ.

ಪವರ್ ಬಟನ್ ಒತ್ತಿದ ಕೂಡಲೇ ಯಂತ್ರ ಎದ್ದೇಳಬೇಕಲ್ವಾ? ಅದಕ್ಕಾಗಿ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿಕೊಡುವ ಪೆಟ್ಟಿಗೆ, ಸದಾ 5 ವೋಲ್ಟ್‌ನ ಒಂದು ಲೈನನ್ನು ಚಾಲೂ ಇಟ್ಟಿರುತ್ತದೆ. ನೇರಳೆ ಬಣ್ಣದ ವೈರ್ ಅದು. 5 ವೋಲ್ಟ್ ನಿಮಗೆ ಏನೂ ಮಾಡುವುದಿಲ್ಲ. ಆದರೆ ಆ ಹೊತ್ತಿನಲ್ಲಿ ರ್ಯಾಮ್ ಕಿತ್ತರೆ, ಅಥವಾ ಕೈಯಿಂದ ಒಂದು ಸ್ಕ್ರೂ ಜಾರಿ ಬೋರ್ಡಿನ ಮೇಲೆ ಬಿದ್ದರೆ, ಬೋರ್ಡಿನ ಕತೆ ಮುಗಿಯಬಹುದು.

ಕಂಪ್ಯೂಟರ್ ರಿಪೇರಿಯಲ್ಲಿ ಅಪಾಯ ಎರಡು ಕಡೆಯಿಂದ ಬರುತ್ತದೆ. ಯಂತ್ರದಿಂದ ನಮಗೆ ಆಗುವುದು ಒಂದು. ಇದು ಕೆಲವೇ ಜಾಗಗಳಲ್ಲಿ ಇರುತ್ತದೆ, ಆದರೆ ಅಲ್ಲಿ ಜೀವಕ್ಕೇ ಕುತ್ತು. ನಮ್ಮಿಂದ ಯಂತ್ರಕ್ಕೆ ಆಗುವುದು ಇನ್ನೊಂದು. ಇದು ಎಲ್ಲ ಕಡೆಯೂ ಇದೆ, ಸದ್ದಿಲ್ಲದೆ ಆಗಿಹೋಗುತ್ತದೆ. ನಾನು ಕಂಡ ಹಾಗೆ ಎರಡೂ ಶುರುವಾಗುವುದು ಒಂದೇ ಮಾತಿನಿಂದ: "ಎರಡು ನಿಮಿಷದ ಕೆಲಸ, ಅದಕ್ಕೆ ಯಾಕೆ ಪ್ಲಗ್ ಕೀಳೋದು?" ಗೊತ್ತಿಲ್ಲದೆ ಕೆಡಿಸಿದವರಿಗಿಂತ, ಗೊತ್ತಿದ್ದೂ ಒಂದು ಹೆಜ್ಜೆ ಹಾರಿಸಿದವರೇ ಜಾಸ್ತಿ. ಆ ಲೆಕ್ಕದಲ್ಲಿ ನಾನೂ ಇದ್ದೇನೆ. ಹಾಗಾಗಿ ಕೆಲಸ ನಡೆಯುವ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಹೆಜ್ಜೆ 1: ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು

ಮೊದಲು ಬ್ಯಾಕಪ್. ರ್ಯಾಮ್ ಸುಟ್ಟರೆ ಹೊಸದು ಸಿಗುತ್ತದೆ, ಹತ್ತು ವರ್ಷದ ಫೋಟೊ ಹೋದರೆ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನೂ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಬದಲಿಸಿ ಆನ್ ಮಾಡಿದ ಮೇಲೆ ಅದನ್ನು ಕೇಳುತ್ತದೆ. ಆಗ ಹುಡುಕಲು ಹೊರಟರೆ ಕಷ್ಟ.

ಗಟ್ಟಿಯಾದ, ಖಾಲಿ ಮೇಜು ಬೇಕು, ಒಳ್ಳೆಯ ಬೆಳಕು ಬೇಕು. ಹಾಸಿಗೆ, ಸೋಫಾ, ಕಾರ್ಪೆಟ್ ಮೇಲೆ ಬೇಡ. ಉಜ್ಜಾಟದಿಂದ ಹುಟ್ಟುವ ಸ್ಟ್ಯಾಟಿಕ್ ಕರೆಂಟಿನ ಕಾಟ ಒಂದು ಕಡೆ, ಬಿದ್ದ ಸ್ಕ್ರೂ ಸಿಗದಿರುವುದು ಇನ್ನೊಂದು ಕಡೆ. ಕುಡಿಯುವ ಲೋಟ ಆ ಮೇಜಿನ ಮೇಲೆ ಬೇಡವೇ ಬೇಡ.

ಉಂಗುರ, ಬಳೆ, ವಾಚು ತೆಗೆದಿಡಿ. ಲೋಹದ ಉಂಗುರ ಬ್ಯಾಟರಿಯ ಎರಡು ಕಡ್ಡಿಗಳಿಗೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳಿನಿಂದ ತೆಗೆಯುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ಉದ್ದ ಕೂದಲಿದ್ದರೆ ಕಟ್ಟಿ, ಜೋಲುವ ತೋಳಿದ್ದರೆ ಮಡಿಚಿ. ತಗಡಿನ ಕ್ಯಾಬಿನೆಟ್‌ಗಳ ಒಳ ಅಂಚು ಬ್ಲೇಡಿನ ಹಾಗಿರುತ್ತದೆ. ನನ್ನ ಬೆರಳು ಕೊಯ್ದಿರುವುದು ಕರೆಂಟಿಗಿಂತ ಅದರಿಂದಲೇ ಹೆಚ್ಚು. ಅಂಚು ಕಂಡ ಕಡೆ ಕೈ ನಿಧಾನ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೋರ್ಡಿನಿಂದ ತೆಗೆದ ನಾಣ್ಯದಂಥ ಸೆಲ್ ಮೇಲೆ ವಿಶೇಷ ಕಣ್ಣಿರಲಿ. ಸಿಆರ್2032 ಅಂತ ಅದರ ಹೆಸರು. 20 ಮಿಲಿಮೀಟರ್ ಅಗಲ, 3 ವೋಲ್ಟ್. ಆಟದ ಸಾಮಾನಿನ ಹಾಗೆ ಹೊಳೆಯುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಹೆಜ್ಜೆ 2: ಕರೆಂಟ್ ನಿಜವಾಗಿಯೂ ಕಡಿಯುವುದು

ಒಮ್ಮೆ ನಾನು ಗೋಡೆಯ ಪ್ಲಗ್ ಕಿತ್ತು, "ಆಯ್ತು, ಇನ್ನು ಭಯವಿಲ್ಲ" ಅಂದುಕೊಂಡು ಗ್ರಾಫಿಕ್ಸ್ ಕಾರ್ಡಿಗೆ ಕೈ ಹಾಕಿದೆ. ಬೋರ್ಡಿನ ದೀಪ ನನ್ನನ್ನೇ ನೋಡುತ್ತಿತ್ತು. ನಾನು ಕಿತ್ತಿದ್ದು ಯುಪಿಎಸ್‌ನ ಪ್ಲಗ್! ಕಂಪ್ಯೂಟರ್ ಯುಪಿಎಸ್‌ನ ಬೆನ್ನಿಗೆ ಅಂಟಿಕೊಂಡು ಬ್ಯಾಟರಿಯಿಂದ ಆರಾಮವಾಗಿ ಕರೆಂಟ್ ಕುಡಿಯುತ್ತಿತ್ತು. ಯುಪಿಎಸ್ ಅನ್ನುವುದೇ ಪ್ಲಗ್ ಕಿತ್ತರೂ 230 ವೋಲ್ಟ್ ಕೊಡಲಿ ಅಂತ ಮಾಡಿದ ಪೆಟ್ಟಿಗೆ. ಆದ್ದರಿಂದ ಕೀಳಬೇಕಾದ್ದು ಕಂಪ್ಯೂಟರಿನ ಬೆನ್ನಿಗೆ ಹೋಗುವ ಕೇಬಲ್. ಗೋಡೆಯ ಕಡೆಯದಲ್ಲ.

ಕ್ರಮ ಹೀಗಿರಲಿ:

1. ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು.
2. ಎಸ್‌ಎಂಪಿಎಸ್‌ನ ಹಿಂದೆ ಸ್ವಿಚ್ ಇದ್ದರೆ ಆಫ್ ಮಾಡಿ, ಆಮೇಲೆ ಪವರ್ ಕೇಬಲ್ ಕೀಳಿ.
3. ಮಾನಿಟರ್, ಪ್ರಿಂಟರ್, ಯುಎಸ್‌ಬಿ, ನೆಟ್‌ವರ್ಕ್, ಸ್ಪೀಕರ್, ಎಲ್ಲ ಕೇಬಲ್ ಬಿಡಿಸಿ.
4. ಪವರ್ ಬಟನ್ ಒತ್ತಿ 10 ರಿಂದ 15 ಸೆಕೆಂಡ್ ಹಿಡಿದುಕೊಳ್ಳಿ.
5. ಬಾಗಿಲು ತೆಗೆದು ಬೋರ್ಡಿನ ದೀಪ ಆರಿದೆಯೇ ನೋಡಿ.

ಮೂರನೆಯದನ್ನು ಬಹಳ ಜನ ಬಿಡುತ್ತಾರೆ. ಮಾನಿಟರಿಗೂ ಪ್ರಿಂಟರಿಗೂ ಅವುಗಳದೇ ಕರೆಂಟ್ ಇದೆ. ಅವುಗಳ ಕೇಬಲ್ ಮೂಲಕ ಸಣ್ಣ ವೋಲ್ಟೇಜ್ ನಿಮ್ಮ ಬೋರ್ಡಿಗೆ ಬರಬಹುದು. ನಾಲ್ಕನೆಯದನ್ನು ಮಾಡುವಾಗ ಕೆಲವೊಮ್ಮೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಹೆದರಬೇಡಿ, ಕರೆಂಟ್ ಕೂಡಿಡುವ ಕೆಪಾಸಿಟರ್‌ಗಳಲ್ಲಿ ಉಳಿದಿದ್ದದ್ದು ಖಾಲಿಯಾಯಿತು ಅಷ್ಟೇ.

ಇಲ್ಲೇ ಇನ್ನೊಂದು ಮಾತು. ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್‌ನ ತಗಡು ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಸಾಮಾನ್ಯವಾಗಿ ಅದು ಅರ್ಥಿಂಗ್ ಇಲ್ಲದ್ದರ ಗುರುತು. ಎಸ್‌ಎಂಪಿಎಸ್‌ನೊಳಗೆ ಕರೆಂಟಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವು ಅರ್ಥ್ ವೈರಿಗೆ ಚೂರು ಕರೆಂಟ್ ಸೋರಿಸುತ್ತವೆ. ಅರ್ಥ್ ಇಲ್ಲದಿದ್ದರೆ ಆ ಸೋರಿಕೆ ತಗಡಿನಲ್ಲೇ ನಿಲ್ಲುತ್ತದೆ, ಮೀಟರ್ ಇಟ್ಟರೆ ಸುಮಾರು 115 ವೋಲ್ಟ್ ತೋರಿಸುತ್ತದೆ. ಕರೆಂಟ್ ತೀರಾ ಕಡಿಮೆಯಾದ್ದರಿಂದ ಜುಮ್ ಅನ್ನುವುದಷ್ಟೇ. ಆದರೆ ಅರ್ಥ್ ಇಲ್ಲದ ಕಡೆ ನಾಳೆ ನಿಜವಾದ ದೋಷ ಬಂದರೆ ಪೂರ್ತಿ 230 ವೋಲ್ಟ್ ಅದೇ ತಗಡಿಗೆ ಬರುತ್ತದೆ. "ನಮ್ಮ ಕಂಪ್ಯೂಟರ್ ಯಾವಾಗಲೂ ಹೀಗೇ" ಅಂತ ಸುಮ್ನೆ ಇರಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಸಾಹಸವಂತೂ ಬೇಡ.

ಹೆಜ್ಜೆ 3: ಕಣ್ಣಿಗೆ ಕಾಣದ ಸ್ಟ್ಯಾಟಿಕ್

ಒಣ ಹವೆಯಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದೇ ಇದು. ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ಚುರುಕ್ ಅನ್ನಬೇಕಾದರೆ ಮೈಯಲ್ಲಿ ಸುಮಾರು 3,000 ವೋಲ್ಟ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಕೆಲವು ಚಿಪ್‌ಗಳಿಗೆ ಏಟಾಗಲು 100 ವೋಲ್ಟ್ ಕೂಡ ಬೇಕಿಲ್ಲ. ಅಂದರೆ ನಿಮಗೆ ಏನೂ ಅನಿಸದ, ಏನೂ ಕಾಣದ ಒಂದು ಮುಟ್ಟುವಿಕೆಯಲ್ಲಿ ಚಿಪ್ ಹೋಗಿರಬಹುದು.

ಪೂರ್ತಿ ಸತ್ತರೆ ವಾಸಿ, ಬದಲಿಸಿ ಮುಂದೆ ಹೋಗಬಹುದು. ಕಾಟ ಕೊಡುವುದು ಅರ್ಧ ಏಟು ತಿಂದ ಚಿಪ್. ಅದು ಇವತ್ತು ಕೆಲಸ ಮಾಡುತ್ತದೆ. ಎರಡು ತಿಂಗಳಾದ ಮೇಲೆ ಆಗೊಮ್ಮೆ ಈಗೊಮ್ಮೆ ಕಂಪ್ಯೂಟರ್ ಹ್ಯಾಂಗ್ ಆಗಲು ಶುರು. ಆಗ ಯಾರಿಗೂ ಆವತ್ತಿನ ಮುಟ್ಟುವಿಕೆ ನೆನಪಾಗುವುದಿಲ್ಲ. ವಿಂಡೋಸ್ ಮೇಲೋ ವೈರಸ್ ಮೇಲೋ ತಪ್ಪು ಹೊರಿಸುತ್ತೇವೆ. "ನಾನು ಇಷ್ಟು ವರ್ಷದಿಂದ ಬರಿಗೈಯಲ್ಲೇ ಮಾಡ್ತಿದೀನಿ, ಏನೂ ಆಗಿಲ್ಲ" ಅನ್ನುವವರ ಮಾತು ನನಗೆ ಪೂರ್ತಿ ನಂಬಿಕೆಯಾಗದಿರುವುದು ಇದಕ್ಕೇ. ಆಗಿದ್ದು ಅವರಿಗೆ ಗೊತ್ತಾಗಿಲ್ಲ ಅಷ್ಟೇ ಇರಬಹುದು.

ಹವೆ ಒಣಗಿದಷ್ಟೂ ಸ್ಟ್ಯಾಟಿಕ್ ಜಾಸ್ತಿ. ಚಳಿಗಾಲ, ಎಸಿ ಕೋಣೆ, ನೈಲಾನ್ ಬಟ್ಟೆ, ಉಣ್ಣೆ, ಕಾರ್ಪೆಟ್ ಇವೆಲ್ಲ ಸೇರಿದರೆ ಬರೀ ನಡೆದಾಡಿಯೇ ಮೈಯಲ್ಲಿ ಹತ್ತಾರು ಸಾವಿರ ವೋಲ್ಟ್ ಆಗುತ್ತದೆ. ಹತ್ತಿ ಬಟ್ಟೆ ಹಾಕಿ, ಗಟ್ಟಿ ನೆಲದ ಮೇಲೆ ನಿಂತು ಕೆಲಸ ಮಾಡಿದರೆ ಅರ್ಧ ಕಾಟ ಕಡಿಮೆ.

ಮಿಕ್ಕರ್ಧಕ್ಕೆ ರಿಸ್ಟ್ ಸ್ಟ್ರ್ಯಾಪ್. ಅದರ ಒಂದು ತುದಿ ಮಣಿಕಟ್ಟಿಗೆ, ಚರ್ಮಕ್ಕೆ ತಾಗುವ ಹಾಗೆ. ಅಂಗಿಯ ತೋಳಿನ ಮೇಲೆ ಕಟ್ಟಿದರೆ ಪ್ರಯೋಜನವಿಲ್ಲ. ಇನ್ನೊಂದು ತುದಿಯ ಕ್ಲಿಪ್ ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹಕ್ಕೆ. ಬಣ್ಣ ಕರೆಂಟ್ ಹರಿಯಲು ಬಿಡುವುದಿಲ್ಲ, ಹಾಗಾಗಿ ಸ್ಕ್ರೂ ಕೂರುವ ಜಾಗವೋ ಎಸ್‌ಎಂಪಿಎಸ್‌ನ ಹೊರಮೈಯೋ ಒಳ್ಳೆಯದು. "ಪ್ಲಗ್ ಕಿತ್ತ ಮೇಲೆ ಕ್ಯಾಬಿನೆಟ್‌ಗೆ ಅರ್ಥ್ ಎಲ್ಲಿದೆ, ಸ್ಟ್ರ್ಯಾಪ್ ಕಟ್ಟಿ ಏನು ಲಾಭ?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಕಿಡಿ ಹಾರುವುದು ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದಾಗ ಮಾತ್ರ. ನೀವೂ ಯಂತ್ರವೂ ಒಂದೇ ಮಟ್ಟದಲ್ಲಿದ್ದರೆ ಹಾರಲು ಏನೂ ಇಲ್ಲ. ಸ್ಟ್ರ್ಯಾಪ್ ಮಾಡುವ ಕೆಲಸ ಅದೇ.

ಆ ಸ್ಟ್ರ್ಯಾಪಿನ ವೈರಿನಲ್ಲಿ ಕರೆಂಟಿನ ಹರಿವು ತಡೆಯುವ 10 ಲಕ್ಷ ಓಮ್‌ನ ಒಂದು ರೆಸಿಸ್ಟರ್ ಅಡಗಿರುತ್ತದೆ. ಸ್ಟ್ಯಾಟಿಕ್ ನಿಧಾನ ಇಳಿದುಹೋಗಲು ಅದು ಅಡ್ಡಿಯಲ್ಲ. ಆದರೆ ನಿಮ್ಮ ಇನ್ನೊಂದು ಕೈ ತಪ್ಪಿ 230 ವೋಲ್ಟ್ ಮುಟ್ಟಿದರೆ, ಆ ವೈರಿನ ದಾರಿಯಲ್ಲಿ ಹರಿಯುವುದು ಕಾಲು ಮಿಲಿಆಂಪಿಯರ್‌ಗೂ ಕಡಿಮೆ. ಹೀಗಾಗಿ ಮನೆಯಲ್ಲೇ ತಾಮ್ರದ ವೈರ್ ಸುತ್ತಿಕೊಂಡು ಸ್ಟ್ರ್ಯಾಪ್ ಮಾಡಿಕೊಳ್ಳಬೇಡಿ. ಅದರಲ್ಲಿ ಆ ರೆಸಿಸ್ಟರ್ ಇರುವುದಿಲ್ಲ, ನೀವು ನೇರ ಅರ್ಥಿಗೆ ಕಟ್ಟಿದ ಕಂಬವಾಗುತ್ತೀರಿ. ಅಸಲಿ ಸ್ಟ್ರ್ಯಾಪನ್ನೂ ಕರೆಂಟ್ ಇರುವ ಯಂತ್ರದ ಮೇಲೆ ಕೆಲಸ ಮಾಡುವಾಗ ಕಟ್ಟಬಾರದು.

ಸ್ಟ್ರ್ಯಾಪ್ ಇಲ್ಲವೇ? ಏನನ್ನಾದರೂ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ, ಕೆಲಸದ ನಡುವೆಯೂ ಪದೇ ಪದೇ ಮುಟ್ಟುತ್ತಿರಿ. ಎದ್ದು ಓಡಾಡಿ ಬಂದರೆ ಮತ್ತೆ ಮುಟ್ಟಿ.

ಬಿಡಿಭಾಗ ತೆಗೆದ ಮೇಲೆ ಸ್ಟ್ಯಾಟಿಕ್ ತಡೆಯುವ ಬೆಳ್ಳಿ ಬಣ್ಣದ ಚೀಲದ ಒಳಗೆ ಇಡಿ, ಚೀಲದ ಮೇಲಲ್ಲ. ಚೀಲದ ಪದರದಲ್ಲಿ ಲೋಹ ಇರುತ್ತದೆ. ಅದರ ಮೇಲೆ ಬೋರ್ಡ್ ಇಟ್ಟು ಕರೆಂಟ್ ಕೊಟ್ಟು ಟೆಸ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ, ಒಳ್ಳೆಯದಲ್ಲ. ಟೆಸ್ಟ್ ಮಾಡಲು ಬೋರ್ಡ್ ಬಂದ ರಟ್ಟಿನ ಡಬ್ಬಿ ಸಾಕು. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲ ತಾನು ಸ್ಟ್ಯಾಟಿಕ್ ಹುಟ್ಟಿಸುವುದಿಲ್ಲ ಅಷ್ಟೇ, ಹೊರಗಿನದನ್ನು ತಡೆಯುವುದಿಲ್ಲ.

ಹೆಜ್ಜೆ 4: ಬಿಚ್ಚಲೇಬಾರದ ಪೆಟ್ಟಿಗೆಗಳು

ಎಸ್‌ಎಂಪಿಎಸ್ ಬಿಚ್ಚಬೇಡಿ. ಧೂಳು ತುಂಬಿದೆ, ಫ್ಯಾನ್ ಕಿರ್ ಅನ್ನುತ್ತಿದೆ, ಒಳಗೆ ಒಂದು ಫ್ಯೂಸ್ ಇದೆಯಂತೆ, ಯಾವ ಕಾರಣಕ್ಕೂ ಬೇಡ. ಗೋಡೆಯ 230 ವೋಲ್ಟ್ ಒಳಗೆ ಹೋದ ಕೂಡಲೇ ಡಿಸಿ ಆಗಿ ಸುಮಾರು 325 ವೋಲ್ಟ್ ಆಗುತ್ತದೆ. ಈಗಿನ ಬಹುತೇಕ ಎಸ್‌ಎಂಪಿಎಸ್‌ಗಳಲ್ಲಿ ಅದು 380 ವೋಲ್ಟ್‌ನ ಆಸುಪಾಸಿಗೆ ಏರುತ್ತದೆ. ಅದನ್ನು ತುಂಬಿಟ್ಟುಕೊಳ್ಳುವುದು ಹೆಬ್ಬೆರಳು ಗಾತ್ರದ ಒಂದೆರಡು ಕೆಪಾಸಿಟರ್. ಪ್ಲಗ್ ಕಿತ್ತ ಮೇಲೆ ಅದನ್ನು ಖಾಲಿ ಮಾಡಲು ಒಂದು ರೆಸಿಸ್ಟರ್ ಇರಬೇಕು. ಅದು ಇರಬಹುದು, ಸುಟ್ಟಿರಲೂಬಹುದು. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಡಿಸಿ ಕರೆಂಟ್ ಎದೆ ದಾಟಿ ಹೋದರೆ ಗುಂಡಿಗೆ ನಿಲ್ಲಿಸುವಷ್ಟು ಶಕ್ತಿ ಅಲ್ಲಿರುತ್ತದೆ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು "ಡಿಸ್ಚಾರ್ಜ್" ಮಾಡುವುದನ್ನು ವಿಡಿಯೊದಲ್ಲಿ ನೋಡಿ ಕಲಿಯಬೇಡಿ. ಸ್ಕ್ರೂ ಡ್ರೈವರಿನ ತುದಿ ಕರಗಿ ಹಾರುತ್ತದೆ, ಕಣ್ಣು ಹತ್ತಿರದಲ್ಲೇ ಇರುತ್ತದೆ. ಎಸ್‌ಎಂಪಿಎಸ್ ಕೆಟ್ಟರೆ ಇಡಿಯಾಗಿ ಬದಲಿಸಿ.

ಹಳೆಯ ಡಬ್ಬ ಮಾನಿಟರ್ ಇನ್ನೂ ಎಲ್ಲಾದರೂ ಉಳಿದಿದ್ದರೆ ಅದರ ಗಾಜಿನ ಕೊಳವೆಯಲ್ಲಿ 25,000 ವೋಲ್ಟ್ ಆಟವಾಡುತ್ತದೆ. ಆಫ್ ಮಾಡಿದ ಮೇಲೂ ಬಹಳ ಹೊತ್ತು ಉಳಿಯುತ್ತದೆ. ಹಿಂಬದಿ ಬಿಚ್ಚುವ ಯೋಚನೆಯೇ ಬೇಡ. ಎಲ್‌ಇಡಿ ಬರುವ ಮುಂಚಿನ ತೆಳು ಸ್ಕ್ರೀನ್‌ಗಳಲ್ಲೂ ಟ್ಯೂಬ್ ಉರಿಸಲು ನೂರಾರು ವೋಲ್ಟ್‌ನ ಸಣ್ಣ ಇನ್ವರ್ಟರ್ ಬೋರ್ಡ್ ಇರುತ್ತದೆ.

ಲೇಸರ್ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೆ ತೆಗೆಯಬಹುದು. ಆದರೆ ಕಾಗದ ಹೊರಬರುವ ಕಡೆಯ ರೋಲರ್ 200 ಡಿಗ್ರಿಯ ಆಸುಪಾಸು ಕಾಯ್ದಿರುತ್ತದೆ. ಆಫ್ ಮಾಡಿ ಅರ್ಧ ಗಂಟೆ ಬಿಡಿ. ಟೋನರ್ ಪುಡಿ ಚೆಲ್ಲಿದರೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ. ಪುಡಿ ಅಷ್ಟು ನುಣುಪು, ಫಿಲ್ಟರ್ ದಾಟಿ ಮತ್ತೆ ಗಾಳಿಗೇ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈಗೆ ಮೆತ್ತಿದರೆ ತಣ್ಣೀರು. ಬಿಸಿನೀರು ಹಾಕಿದರೆ ಅದು ಕರಗಿ ಅಂಟಿಕೊಳ್ಳುತ್ತದೆ.

ಹೆಜ್ಜೆ 5: ಕೈ ಒಳಗೆ ಹೋದ ಮೇಲೆ

ಮೊದಲು ಫೋಟೊ. ಯಾವ ಕೇಬಲ್ ಎಲ್ಲಿತ್ತು ಅನ್ನುವುದು ಈಗ ನೆನಪಿರುತ್ತದೆ, ಒಂದು ಗಂಟೆಯಾದ ಮೇಲೆ ಇರುವುದಿಲ್ಲ.

ಕೇಬಲ್ ಕೀಳುವಾಗ ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರ್ ಹಿಡಿಯಿರಿ. ಬಹಳಷ್ಟು ಕನೆಕ್ಟರಿಗೆ ಒಂದು ಸಣ್ಣ ಕೊಂಡಿ ಇರುತ್ತದೆ, ಅದನ್ನು ಒತ್ತದೆ ಬರುವುದಿಲ್ಲ. ಬರುತ್ತಿಲ್ಲ ಅಂದರೆ ಬಲ ಹಾಕುವ ಮೊದಲು ಕಣ್ಣು ಹಾಕಿ. ಹಾಕುವಾಗಲೂ ಅಷ್ಟೇ, ಕಂಪ್ಯೂಟರಿನ ಹೆಚ್ಚುಕಡಿಮೆ ಪ್ರತಿ ಕನೆಕ್ಟರನ್ನೂ ಒಂದೇ ದಿಕ್ಕಿನಲ್ಲಿ ಮಾತ್ರ ಕೂರುವ ಹಾಗೆ ಮಾಡಿರುತ್ತಾರೆ. ಡೆಸ್ಕ್‌ಟಾಪಿನ ಡಿಡಿಆರ್4 ಮತ್ತು ಡಿಡಿಆರ್5 ಅನ್ನುವ ಎರಡು ತಲೆಮಾರಿನ ರ್ಯಾಮ್‌ಗಳೆರಡಕ್ಕೂ 288 ಪಿನ್ ಇದೆ, ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ನಡುವಿನ ಗೀರು ಬೇರೆ ಬೇರೆ ಜಾಗದಲ್ಲಿದೆ. ಗೀರು ಹೊಂದದಿದ್ದರೆ ಅದು ಆ ಬೋರ್ಡಿನದಲ್ಲ. ಒತ್ತಿ ಕೂರಿಸಲು ಹೋದರೆ ಎರಡೂ ಮುರಿಯುತ್ತವೆ.

ಇಷ್ಟೆಲ್ಲ ಕಾವಲು ಇದ್ದೂ ಒಂದು ಕಡೆ ಮೋಸ ಹೋಗುತ್ತೇವೆ. ಕೇಬಲ್ ಬಿಚ್ಚಬಹುದಾದ, ಮಾಡ್ಯುಲರ್ ಅನ್ನುವ ಎಸ್‌ಎಂಪಿಎಸ್ ಇದೆಯಲ್ಲ, ಒಂದರ ಕೇಬಲನ್ನು ಇನ್ನೊಂದಕ್ಕೆ ಹಾಕಬೇಡಿ. ಡಿಸ್ಕಿನ ಕಡೆಯ ತುದಿ ಎಲ್ಲದಕ್ಕೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಅನ್ನುವುದಕ್ಕೆ ಎಲ್ಲರಿಗೂ ಒಂದೇ ನಿಯಮ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೇ ವ್ಯತ್ಯಾಸ ಇರಬಹುದು. ಕನೆಕ್ಟರ್ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬರುತ್ತದೆ, ಆನ್ ಮಾಡಿದ ಕ್ಷಣದಲ್ಲಿ ಡಿಸ್ಕ್ ಸುಟ್ಟುಹೋಗುತ್ತದೆ. ಎಸ್‌ಎಂಪಿಎಸ್ ಬದಲಿಸಿದರೆ ಕೇಬಲನ್ನೂ ಬದಲಿಸಿ. ಹಳೆಯ ಕೇಬಲ್ ಚೆನ್ನಾಗಿ ಕಟ್ಟಿದ್ದೇನೆ, ಬಿಚ್ಚಲು ಬೇಜಾರು ಅನ್ನುವುದು ಕಾರಣವಲ್ಲ.

ಬೋರ್ಡ್, ಕಾರ್ಡ್, ರ್ಯಾಮ್ ಏನೇ ಇರಲಿ, ಹಿಡಿಯುವುದು ಅಂಚಿನಲ್ಲಿ. ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ. ಬೆವರಿನ ಉಪ್ಪು ಅಲ್ಲಿ ಕೂತು ನಿಧಾನವಾಗಿ ತಿನ್ನುತ್ತದೆ. ಗ್ರಾಫಿಕ್ಸ್ ಕಾರ್ಡ್ ತೆಗೆಯುವಾಗ ಸ್ಲಾಟಿನ ತುದಿಯ ಕೊಂಡಿ ಬಿಡಿಸಿದ್ದೀರಾ ನೋಡಿ, ಮತ್ತೆ ಕಾರ್ಡಿನ ಭಾರ ಕೈಯಲ್ಲಿರಲಿ.

ಪ್ರೊಸೆಸರಿಗೆ ಬರೋಣ. ಎಎಂಡಿ ಕಂಪನಿಯ ಎಎಂ4 ಅನ್ನುವ ಸಾಕೆಟಿನವುಗಳಲ್ಲಿ ಪಿನ್‌ಗಳು ಪ್ರೊಸೆಸರಿನ ಕೆಳಗೇ ಇರುತ್ತವೆ. ಇಂಟೆಲ್‌ನ ಈಚಿನವುಗಳಲ್ಲಿ ಮತ್ತು ಎಎಂಡಿಯ ಹೊಸ ಎಎಂ5ನಲ್ಲಿ ಪಿನ್ ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಎಲ್ಲಿದ್ದರೂ ಅವು ಕೂದಲಿನಷ್ಟು ಸಪೂರ. ಒಂದು ಬಾಗಿದರೂ ತಲೆನೋವು. ಪ್ರೊಸೆಸರಿನ ಮೂಲೆಯ ಸಣ್ಣ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ನೇರ ಇಳಿಬಿಡಿ. ತಾನೇ ಕೂರಬೇಕು, ಬೆರಳಿನಿಂದ ಒತ್ತಬಾರದು. ಎಎಂ4 ಪ್ರೊಸೆಸರಿನ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರ್ ತೆಗೆಯುವಾಗ ಒಂದು ಎಚ್ಚರ. ಎರಡರ ನಡುವೆ ಬಿಸಿ ದಾಟಿಸಲು ಹಚ್ಚಿದ ಹಳೆಯ ಥರ್ಮಲ್ ಪೇಸ್ಟ್ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬರುತ್ತದೆ. ಪವರ್ ಕೀಳುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾಗಿಸಿ, ಆಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಸಡಿಲಿಸಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಸುಲಿಯಲು ಮರೆಯಬೇಡಿ, ದಯವಿಟ್ಟು.

ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ ಅಲುಗಾಡಿಸಬೇಡಿ. 7,200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು. ಡೇಟಾ ಓದುವ ಅದರ ತಲೆ, ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಕರೆಂಟ್ ಕಡಿದು ಅರ್ಧ ನಿಮಿಷ ಬಿಟ್ಟು ಎತ್ತಿ.

ಹೆಜ್ಜೆ 6: ಲ್ಯಾಪ್‌ಟಾಪ್ ಆದರೆ

ಡೆಸ್ಕ್‌ಟಾಪ್‌ಗೆ ಇಲ್ಲದ ಒಂದು ತೊಂದರೆ ಇಲ್ಲಿದೆ. ಚಾರ್ಜರ್ ಕಿತ್ತರೂ ಸಾಲದು, ಕರೆಂಟ್ ಹೊಟ್ಟೆಯೊಳಗಿದೆ. ಹಾಗಾಗಿ ತಳ ಬಿಚ್ಚಿದ ಮೇಲೆ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಪ್ಲಾಸ್ಟಿಕ್ ಸಾಧನದಿಂದ ಬಿಡಿಸಿ, ಚಾಕು ಸ್ಕ್ರೂ ಡ್ರೈವರ್ ಬೇಡ. ಬಿಚ್ಚುವ ಮೊದಲು ಚಾರ್ಜ್ 25 ಶೇಕಡಕ್ಕಿಂತ ಕೆಳಗೆ ಇಳಿಸಿಕೊಂಡರೆ ಇನ್ನೂ ಒಳ್ಳೆಯದು. ಬ್ಯಾಟರಿಗೆ ಅಕಸ್ಮಾತ್ ಏಟು ಬಿದ್ದರೂ ಹೊತ್ತಿಕೊಳ್ಳುವ ಜೋರು ಕಡಿಮೆ ಇರುತ್ತದೆ.

ಟಚ್‌ಪ್ಯಾಡ್ ಮೇಲೆ ಎದ್ದಿದೆ, ಕ್ಲಿಕ್ ಆಗುತ್ತಿಲ್ಲ, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಡುಗುಡುಗು ಅಲುಗುತ್ತದೆ ಅಂದರೆ ಟಚ್‌ಪ್ಯಾಡ್ ಬಯ್ಯುವ ಮೊದಲು ಬ್ಯಾಟರಿ ಊದಿಕೊಂಡಿದೆಯೇ ನೋಡಿ. ಊದಿದ್ದರೆ ಆ ಕ್ಷಣದಿಂದ ಚಾರ್ಜ್ ಮಾಡುವುದು ಬಂದ್. ಒತ್ತಬೇಡಿ, ಬಗ್ಗಿಸಬೇಡಿ. ಚುಚ್ಚಿ ಗಾಳಿ ಬಿಡುವ ಯೋಚನೆ ಬಂದರೆ ಆ ಯೋಚನೆ ಬಂದವರನ್ನು ಕೋಣೆಯಿಂದ ಹೊರಗೆ ಕಳಿಸಿ. ಒಳಗಿರುವುದು ಹೊತ್ತಿ ಉರಿಯುವ ಅನಿಲ. ಅಂಟಿಸಿದ ಬ್ಯಾಟರಿಯಾದರೆ ಮೀಟಿ ಕೀಳಬೇಡಿ, ಈ ಕೆಲಸ ಗೊತ್ತಿರುವವರಿಗೆ ಕೊಡಿ. ಹೊರಬಂದದ್ದನ್ನು ಉರಿಯದ ಜಾಗದಲ್ಲಿ, ಲೋಹದ ಡಬ್ಬಿಯೋ ಮರಳೋ ಇರುವ ಕಡೆ, ಮನೆಯ ಹೊರಗಿಡಿ. ಕಸದ ಬುಟ್ಟಿಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿಹೋಗಿ ಬೆಂಕಿ ಬೀಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಮುಟ್ಟಿಸಿ.

ಇನ್ನು ಸ್ಕ್ರೂಗಳು. ಒಂದು ಲ್ಯಾಪ್‌ಟಾಪಿಗೆ ತಳ ಮುಚ್ಚುವಾಗ ನಾಲ್ಕು ಮಿಲಿಮೀಟರಿನ ಸ್ಕ್ರೂ ಹೋಗಬೇಕಾದ ಕಡೆ ಎಂಟು ಮಿಲಿಮೀಟರಿನದನ್ನು ಹಾಕಿದ್ದೆ. ಕೊನೆಯ ಒಂದು ಸುತ್ತು ಸ್ವಲ್ಪ ಬಿಗಿ ಅನಿಸಿತು. "ಪರವಾಗಿಲ್ಲ" ಅಂತ ತಿರುಗಿಸಿದೆ. ಕಟ್ ಅಂತ ಒಂದು ಸಣ್ಣ ಸದ್ದು. ಸ್ಕ್ರೂ ಮದರ್‌ಬೋರ್ಡಿನೊಳಗೆ ನುಗ್ಗಿ ಒಳಪದರದ ತಾಮ್ರದ ಗೆರೆ ಕಡಿದಿತ್ತು. ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಅಂದಿನಿಂದ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಯಾವ ತೂತಿನ ಸ್ಕ್ರೂ ಅದೇ ಜಾಗದಲ್ಲಿ ಚುಚ್ಚಿಡುತ್ತೇನೆ. ಮಕ್ಕಳ ಆಟದ ಹಾಗೆ ಕಾಣುತ್ತದೆ, ಆದರೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಹೆಜ್ಜೆ 7: ಧೂಳು ತೆಗೆಯುವುದು

ಬಾಗಿಲು ಕಿಟಕಿ ತೆರೆದಿಡಿ, ಆದರೆ ಹೊರಗೆ ಕೊಂಡುಹೋದರೆ ಇನ್ನೂ ಒಳ್ಳೆಯದು. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಬ್ಲೋವರ್ ಹಾಕುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಜುಯ್ ಅಂತ ತಿರುಗುವುದು ನೋಡಲು ಚೆಂದ, ಆದರೆ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ, ಮೋಟರ್ ಡೈನಮೋ ಆಗಿ ಬೋರ್ಡಿಗೆ ಉಲ್ಟಾ ವೋಲ್ಟೇಜ್ ಕೊಡಲೂಬಹುದು.

ಡಬ್ಬಿಯಲ್ಲಿ ಬರುವ ಒತ್ತಿದ ಗಾಳಿಯಾದರೆ ಡಬ್ಬಿ ನೆಟ್ಟಗಿರಲಿ. ತಲೆಕೆಳಗು ಮಾಡಿದರೆ ಒಳಗಿನ ದ್ರವವೇ ಹೊರಬಂದು ಚರ್ಮ ಮರಗಟ್ಟುತ್ತದೆ. ಎಷ್ಟೋ ಡಬ್ಬಿಗಳಲ್ಲಿರುವುದು ಬೆಂಕಿ ಹತ್ತುವ ಅನಿಲ, ಆದ್ದರಿಂದ ಆನ್ ಇರುವ ಯಂತ್ರಕ್ಕೆ ಊದಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿ ಒಳ್ಳೆಯ ಸ್ಟ್ಯಾಟಿಕ್ ಕಾರ್ಖಾನೆ. ಬೋರ್ಡಿನ ಹತ್ತಿರ ತರಬೇಡಿ.

ಜಿಡ್ಡು, ಹಳೆಯ ಪೇಸ್ಟ್ ಒರೆಸಲು 90 ಶೇಕಡಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್. ಬಟ್ಟೆಗೆ ಹಾಕಿ ಒರೆಸಿ, ಬೋರ್ಡಿಗೆ ಸುರಿಯಬೇಡಿ. ಹತ್ತಿರದಲ್ಲಿ ಬೆಂಕಿ, ಸಿಗರೇಟು ಬೇಡ. ಪೂರ್ತಿ ಆರಿದ ಮೇಲೆ ಕರೆಂಟ್.

ಹೆಜ್ಜೆ 8: ಆನ್ ಮಾಡುವ ಮೊದಲೇ ಗೊತ್ತಿರಬೇಕಾದ್ದು

ಏನಾದರೂ ಆದಾಗ ಯೋಚಿಸಲು ಹೊತ್ತು ಇರುವುದಿಲ್ಲ. ಈಗಲೇ ನೋಡಿಟ್ಟುಕೊಳ್ಳಿ, ಕರೆಂಟ್ ಕಡಿಯುವ ಸ್ವಿಚ್ ಎಲ್ಲಿದೆ, ಕೈಗೆ ಸಿಗುತ್ತದೆಯೇ?

ಹೊಗೆ ಬಂದರೆ ಮೊದಲು ಗೋಡೆಯ ಸ್ವಿಚ್, ಯುಪಿಎಸ್ ಇದ್ದರೆ ಅದರ ಸ್ವಿಚ್ಚೂ, ಆಮೇಲೆ ಮಿಕ್ಕಿದ್ದು. ಕರೆಂಟ್ ಇರುವ ಯಂತ್ರಕ್ಕೆ ನೀರು ಹಾಕಬೇಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಅದು ಸರಿ. ಚಾರ್ಜರ್ ಕಿತ್ತ ಲ್ಯಾಪ್‌ಟಾಪಿನ ಬ್ಯಾಟರಿ ಹೊತ್ತಿದರೆ ಮಾತ್ರ ಧಾರಾಳ ನೀರು ಅದನ್ನು ತಣಿಸುತ್ತದೆ. ಆದರೆ ಆ ಹೊಗೆ ವಿಷ. ಎರಡು ಕ್ಷಣದಲ್ಲಿ ಹತೋಟಿಗೆ ಬರಲಿಲ್ಲ ಅಂದರೆ ಯಂತ್ರ ಬಿಟ್ಟು ಹೊರಗೆ ಬನ್ನಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಸ್ವಿಚ್ ಕಡಿಯಿರಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಬಿಡಿಸಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಕರೆದು ಎದೆ ಒತ್ತಲು ಶುರು ಮಾಡಿ. ಎದ್ದು ಕೂತು "ಏನಿಲ್ಲ ಬಿಡಿ" ಅಂದರೂ ಒಮ್ಮೆ ವೈದ್ಯರಿಗೆ ತೋರಿಸಿ.

ಕೀಬೋರ್ಡ್ ಮೇಲೆ ನೀರು ಚೆಲ್ಲಿದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಕೀಳಿ, ಬ್ಯಾಟರಿ ಬಿಡಿಸಿ, ಬೋರಲು ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಬೇಡ. "ನಡೀತಿದೆಯಾ ನೋಡೋಣ" ಅಂತ ಆನ್ ಮಾಡುವುದರಿಂದಲೇ ಹೆಚ್ಚು ಬೋರ್ಡ್ ಸಾಯುವುದು.

ಹೆಜ್ಜೆ 9: ಆನ್ ಮಾಡುವುದು

ಸ್ಕ್ರೂ ಎಣಿಸಿ. ಒಂದು ಕಡಿಮೆ ಬಂದರೆ ಅದು ನೆಲದಲ್ಲಿದೆ ಅಂತ ಅಂದುಕೊಳ್ಳಬೇಡಿ, ಬೋರ್ಡಿನ ಅಡಿಯಲ್ಲಿರಬಹುದು. ಕ್ಯಾಬಿನೆಟ್ ಅಲುಗಿಸಿ ಕಿಣಿಕಿಣಿ ಕೇಳುತ್ತದೆಯೇ ನೋಡಿ. ಮದರ್‌ಬೋರ್ಡ್ ತೆಗೆದು ಹಾಕಿದ್ದರೆ ಅದರ ಅಡಿಯ ಹಿತ್ತಾಳೆ ಕಂಬಗಳೆಲ್ಲ ಬೋರ್ಡಿನ ತೂತಿಗೆ ಸರಿಯಾಗಿ ಇವೆಯೇ, ಬೇಡದ ಕಡೆ ಒಂದು ಉಳಿದಿದೆಯೇ ಪರೀಕ್ಷಿಸಿ. ಬೇಡದ ಕಂಬ ಬೋರ್ಡಿನ ಬೆನ್ನಿಗೆ ತಾಗಿದರೆ ಶಾರ್ಟ್. ಪ್ರೊಸೆಸರ್ ಫ್ಯಾನಿನ ವೈರ್ ಹಾಕಿದ್ದೀರಾ? ಯಾವುದಾದರೂ ಕೇಬಲ್ ಫ್ಯಾನಿನ ರೆಕ್ಕೆಗೆ ಅಡ್ಡ ಬರುತ್ತಿದೆಯೇ?

ರಿಸ್ಟ್ ಸ್ಟ್ರ್ಯಾಪ್ ಬಿಚ್ಚಿ. ಕ್ಯಾಬಿನೆಟ್ ಬಾಗಿಲು ತೆರೆದೇ ಇರಲಿ, ಕೈ ಹೊರಗಿರಲಿ. ಮಾನಿಟರ್ ಮತ್ತು ಕೀಬೋರ್ಡ್ ಮಾತ್ರ ಹಾಕಿ, ಕೊನೆಗೆ ಪವರ್ ಕೇಬಲ್. ಬಟನ್ ಒತ್ತಿ, ಇನ್ನೊಂದು ಕೈ ಸ್ವಿಚ್ ಮೇಲಿಟ್ಟುಕೊಂಡು ಮೂಗು ಕಿವಿ ಎರಡನ್ನೂ ತೆರೆದಿಡಿ. ಸುಟ್ಟ ವಾಸನೆಯೋ ಕರಕರ ಸದ್ದೋ ಬಂದರೆ ತಕ್ಷಣ ಆಫ್. ಎಲ್ಲ ಸರಿ ಅನಿಸಿದರೆ ಬಯಾಸ್ ಸ್ಕ್ರೀನಿಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗಿ ಪ್ರೊಸೆಸರಿನ ಬಿಸಿ ಐದು ನಿಮಿಷ ನೋಡಿ. ನಿಲ್ಲದೆ ಏರುತ್ತಾ 90 ಡಿಗ್ರಿ ಕಡೆಗೆ ಹೋದರೆ ಕೂಲರ್ ಸರಿಯಾಗಿ ಕೂತಿಲ್ಲ, ಆಫ್ ಮಾಡಿ ಮತ್ತೆ ಎರಡನೇ ಹೆಜ್ಜೆಯಿಂದ ಶುರು. ಒಂದು ಮಟ್ಟಕ್ಕೆ ಬಂದು ನಿಂತರೆ ಶಟ್‌ಡೌನ್ ಮಾಡಿ, ಪ್ಲಗ್ ಕೀಳಿ, ಬಾಗಿಲು ಹಾಕಿ, ಉಳಿದ ಕೇಬಲ್‌ಗಳನ್ನು ಜೋಡಿಸಿ. ಬಾಗಿಲಿನ ಎರಡೇ ಸ್ಕ್ರೂ ಹಾಕುವುದಕ್ಕೆ ಪ್ಲಗ್ ಯಾಕೆ ಅಂತೀರಾ? ಕೈಯಿಂದ ಜಾರುವ ಸ್ಕ್ರೂ ಒಳಗೇ ಬೀಳುತ್ತದೆ, ಅದಕ್ಕೆ.